ನಾವೊಶಿಮಾ, ತೆಶಿಮಾ ದ್ವೀಪಗಳಿಗೆ ಆರಾಮಾಗಿ ಹೋಗಿಬರಬೇಕು: ಎಲ್ಲಿ ಉಳಿಯೋದು, ಏನು ಬಿಡೋದು?

ವಿದ್ಯಾನಗರ_ದಾವಣಗೆರೆ

ನಮಸ್ಕಾರ ಎಲ್ಲರಿಗೂ. ನನ್ನ ಹೆಂಡತಿ ಇಲ್ಲೇ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದರು, ಈಗ ನಿವೃತ್ತಿ. ಜಪಾನಿನ ಸೆಟೊ ಒಳಸಮುದ್ರದಲ್ಲಿ ನಾವೊಶಿಮಾ ಅಂತ ಒಂದು ದ್ವೀಪ ಇದೆ, ಊರಿಗೆ ಊರೇ ಸಮಕಾಲೀನ ಕಲೆಯಿಂದ ತುಂಬಿದೆ, ಅಲ್ಲಿಗೆ ಒಮ್ಮೆ ಹೋಗಬೇಕು ಅನ್ನೋದು ಅವರ ಬಹಳ ವರ್ಷಗಳ ಆಸೆ. ಇಷ್ಟು ವರ್ಷ ಮನೆ, ಮಕ್ಕಳ ಓದು, ಮದುವೆ ಅಂತ ಮುಂದಕ್ಕೆ ಹಾಕಿದ್ದೇ ಆಯ್ತು. ಈ ಸಲ ಖರ್ಚಿನ ಲೆಕ್ಕ ಜಾಸ್ತಿ ಹಾಕೋದು ಬೇಡ, ಒಳ್ಳೆ ಹೋಟೆಲ್, ಆತುರವಿಲ್ಲದ ಓಡಾಟ ಅಂತ ಇಬ್ಬರೂ ತೀರ್ಮಾನ ಮಾಡಿದ್ದೇವೆ.

ಏಜೆಂಟರೊಬ್ಬರು ಒಂದು ಪಟ್ಟಿ ಮಾಡಿಕೊಟ್ಟಿದ್ದಾರೆ. ಅದರಲ್ಲಿ ಟೋಕಿಯೊ, ಫುಜಿ, ಕ್ಯೋಟೊ, ನಾರಾ, ಒಸಾಕಾ, ಹಿರೋಶಿಮಾ ಎಲ್ಲಾ ಇದೆ. ನಾವು ಹೋಗೋದೇ ಯಾವುದಕ್ಕೋ ಆ ದ್ವೀಪಕ್ಕೆ ಮಾತ್ರ ಒಂದೇ ದಿನ, ಬೆಳಿಗ್ಗೆ ಫೆರ್ರಿಯಲ್ಲಿ ಹೋಗಿ ಸಂಜೆ ವಾಪಸ್. ಇದು ಸಾಕಾ? ಇನ್ನೆರಡು ವಿಷಯ. ಅವರಿಗೆ ಮಂಡಿ ನೋವು, ಮೆಟ್ಟಿಲು ಹತ್ತೋದು ಕಷ್ಟ. ಮತ್ತೆ ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನೋದಿಲ್ಲ. ಹೋಗಿಬಂದವರು ದಯವಿಟ್ಟು ಬಿಡಿಸಿ ಹೇಳಿ.

ಜೋಗಿಮಟ್ಟಿ_ಗಾಳಿ

ಸಾರ್, ಒಂದು ದಿನ ಖಂಡಿತ ಸಾಲದು. ಅಷ್ಟು ದೂರ ಹೋಗಿ ಬೆಳಿಗ್ಗೆ ಇಳಿದು ಸಂಜೆ ಹತ್ತೋದು ಅಂದ್ರೆ ನೆಂಟರ ಮನೆಗೆ ಹೋಗಿ ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಬಂದ ಹಾಗೆ. ಫುಜಿ, ನಾರಾ, ಹಿರೋಶಿಮಾ ಮೂರನ್ನೂ ಬಿಡಿ. ಆ ರಾತ್ರಿಗಳನ್ನ ದ್ವೀಪಕ್ಕೆ ಕೊಡಿ. ಖರ್ಚು ಮಾಡೋ ಮನಸ್ಸಿದ್ದರೆ ಊರುಗಳ ಸಂಖ್ಯೆ ಮೇಲೆ ಮಾಡಬೇಡಿ, ದ್ವೀಪದಲ್ಲಿ ಉಳಿಯೋ ರಾತ್ರಿಗಳ ಮೇಲೆ ಮಾಡಿ. ನಾನು ಹೇಳೋದರಲ್ಲಿ ಮುಖ್ಯವಾದದ್ದು ಇಷ್ಟೇ.

ಯಾಕೆ ಅಂತ ಹೇಳ್ತೀನಿ. ನಾವೊಶಿಮಾದಲ್ಲಿ ಇರೋ ಜನ ಸುಮಾರು 3000. ಹಗಲು ಹೊತ್ತು ದೋಣಿ ದೋಣಿ ಜನ ಬರ್ತಾರೆ, ಬಸ್ಸಿಗೆ ಸಾಲು, ದೊಡ್ಡ ಕುಂಬಳಕಾಯಿ ಶಿಲ್ಪದ ಮುಂದೆ ಫೋಟೊಗೆ ಸಾಲು. ಸಂಜೆ ಅವರೆಲ್ಲಾ ದೋಣಿ ಹತ್ತಿದ ಮೇಲೆ ದ್ವೀಪ ಪೂರ್ತಿ ಬೇರೆಯಾಗುತ್ತದೆ. ಉಳಿದುಕೊಂಡವರಿಗೆ ಮಾತ್ರ ಅದು ಸಿಗೋದು. ಕಲಾವಿದೆ ಯಾಯೋಯಿ ಕುಸಾಮಾ ಅವರ ಆ ಹಳದಿ ಕುಂಬಳಕಾಯಿಯನ್ನ ನಾವು ನೋಡಿದ್ದು ಬೆಳಗಿನ ಜಾವ, ಸುತ್ತ ಒಬ್ಬರೂ ಇರಲಿಲ್ಲ. ಅದನ್ನ ಅಲ್ಲಿ ಇಟ್ಟಿದ್ದು 1994ರಲ್ಲಿ. 2021ರ ಆಗಸ್ಟಿನಲ್ಲಿ ಚಂಡಮಾರುತಕ್ಕೆ ಸಿಕ್ಕಿ ಸಮುದ್ರಕ್ಕೆ ಬಿದ್ದು ಒಡೆದುಹೋಗಿತ್ತು. 2022ರ ಅಕ್ಟೋಬರಿನಲ್ಲಿ ಮತ್ತೆ ಹೊಸದಾಗಿ ಮಾಡಿ ಅದೇ ಕಟ್ಟೆ ತುದಿಯಲ್ಲಿ ಕೂರಿಸಿದ್ದಾರೆ.

ಉಳಿಯೋಕೆ ಬೆನೆಸ್ಸೆ ಹೌಸ್. ಹೋಟೆಲ್ಲೂ ಅದೇ, ಮ್ಯೂಸಿಯಮ್ಮೂ ಅದೇ. ವಾಸ್ತುಶಿಲ್ಪಿ ತಡಾವೊ ಆಂಡೊ ವಿನ್ಯಾಸ, 1992ರಲ್ಲಿ ಶುರುವಾಯ್ತು. ಅದರಲ್ಲಿ ನಾಲ್ಕು ಭಾಗ: ಮ್ಯೂಸಿಯಂ, ಓವಲ್, ಪಾರ್ಕ್, ಬೀಚ್. ಎಲ್ಲರ ಬಾಯಲ್ಲೂ ಓವಲ್ ಹೆಸರೇ. ಗುಡ್ಡದ ಮೇಲಿದೆ, ಪುಟ್ಟ ಮೊನೊರೈಲಿನಲ್ಲಿ ಹೋಗಬೇಕು, ಇರೋದು 6 ಕೋಣೆ ಮಾತ್ರ, ನಡುವೆ ಆಕಾಶಕ್ಕೆ ತೆರೆದ ನೀರಿನ ಕೊಳ. ಚೆಂದವೇನೋ ಹೌದು. ಆದರೆ ಮೇಡಂಗೆ ಮಂಡಿ ನೋವು ಅಂದ್ರಲ್ಲ, ನಾನಾದರೆ ಪಾರ್ಕ್ ಅಥವಾ ಬೀಚ್ ಭಾಗದಲ್ಲೇ ಕೋಣೆ ಹಿಡೀತೀನಿ. ಸಮುದ್ರ ಹತ್ತಿರ, ಕುಂಬಳಕಾಯಿಯೂ ಹತ್ತಿರ, ಹೋಟೆಲಿನ ಬಸ್ಸೂ ಇರುತ್ತೆ. ಕೋಣೆಯಲ್ಲಿ ಟಿವಿ ಇಲ್ಲ. ಹಗಲಿನ ಜನ ಹೋದ ಮೇಲೂ ಅಲ್ಲೇ ಉಳಿದವರು ರಾತ್ರಿ ಮ್ಯೂಸಿಯಂ ನೋಡಬಹುದು, ಇದೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ ಅಂತ ನನ್ನ ಅಭಿಪ್ರಾಯ. ಬ್ರೂಸ್ ನೌಮನ್ ಅವರ ನಿಯಾನ್ ದೀಪಗಳ ಕೃತಿ ಒಂದು ದುಂಡನೆಯ ಹಾಲಿನಲ್ಲಿದೆ. ನಾವಿಬ್ಬರೇ ಬೆಂಚಿನ ಮೇಲೆ ಕೂತು ಆ ಬಣ್ಣಗಳು ಹತ್ತಿ ಆರೋದನ್ನ ನೋಡ್ತಾ ಇದ್ದೆವು, ಯಾರೂ ಏಳಿ ಅನ್ನಲಿಲ್ಲ.

ವಾರ ನೋಡಿಕೊಂಡು ಟಿಕೆಟ್ ಮಾಡಿ, ಇದು ತುಂಬಾ ಮುಖ್ಯ. ನಾವೊಶಿಮಾದ ಮ್ಯೂಸಿಯಂಗಳು ಹೆಚ್ಚಿನವು ಸೋಮವಾರ ರಜೆ, ತೆಶಿಮಾದಲ್ಲಿ ಮಂಗಳವಾರ ರಜೆ, ಚಳಿಗಾಲದಲ್ಲಿ ರಜೆ ಇನ್ನೂ ಜಾಸ್ತಿ. ಬುಧವಾರ ಇಳಿದು ಶನಿವಾರ ಹೊರಡೋ ಹಾಗೆ ಇಟ್ಟುಕೊಂಡರೆ ಗುಂಪೂ ಕಡಿಮೆ, ಬಾಗಿಲೂ ತೆರೆದಿರುತ್ತೆ. ಚಿಚು ಮ್ಯೂಸಿಯಮ್ಮಿಗೆ ಹೊತ್ತು ಗೊತ್ತುಮಾಡಿ ಆನ್‌ಲೈನ್ ಟಿಕೆಟ್ ತಗೋಬೇಕು, ಅಲ್ಲಿ ಹೋಗಿ ನೋಡೋಣ ಅಂದ್ರೆ ಆಗಲ್ಲ.

ದಾರಿ: ಬೆಂಗಳೂರಿನಿಂದ ಟೋಕಿಯೊದ ನರಿಟಾಗೆ ನೇರ ವಿಮಾನ ಇದೆ. ಟೋಕಿಯೊದಲ್ಲಿ ಸುಧಾರಿಸಿಕೊಳ್ಳಿ. ಅಲ್ಲಿಂದ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಒಕಾಯಾಮಾಗೆ ಮೂರು ಗಂಟೆ ಇಪ್ಪತ್ತು ನಿಮಿಷದ ಹತ್ತಿರ. ಒಕಾಯಾಮಾದಿಂದ ಉನೊ ಬಂದರಿಗೆ ಲೋಕಲ್ ರೈಲು ಅಥವಾ ಟ್ಯಾಕ್ಸಿ. ಉನೊದಿಂದ ಫೆರ್ರಿ 20 ನಿಮಿಷ, ಮಿಯಾನೌರಾ ಬಂದರಿನಲ್ಲಿ ಇಳೀತೀರಿ. ಕುಸಾಮಾ ಅವರದೇ ಕೆಂಪು ಕುಂಬಳಕಾಯಿ ಅಲ್ಲೇ ಇದೆ, ಅದರೊಳಗೆ ಹೋಗಿ ನಿಲ್ಲಬಹುದು.

ಬಣ್ಣದಬಟ್ಟಲು

ಜೋಗಿಮಟ್ಟಿಯವರು ಹೋಟೆಲ್ ವಿಷಯ ಸರಿಯಾಗಿ ಹೇಳಿದ್ದಾರೆ, ನಾನು ಕಲೆಯ ಬಗ್ಗೆ ಬರೀತೀನಿ. ನಾನು ಓದಿದ್ದು ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ, ಈಗ ಬೆಂಗಳೂರು. ಸಾರ್, ನಿಮ್ಮ ಮನೆಯವರು ಡ್ರಾಯಿಂಗ್ ಕಲಿಸಿದವರು ಅಂದ ಮೇಲೆ ಅವರಿಗೆ ಬೇಕಾಗಿರೋದು ಹೊತ್ತು. ಒಂದೊಂದು ಕೃತಿಯ ಮುಂದೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಈ ದ್ವೀಪಗಳ ಕೆಲಸಗಳೂ ಹಾಗೆಯೇ ಕಟ್ಟಿದವು, ಓಡ್ತಾ ನೋಡಿದರೆ ಏನೂ ಕಾಣೋದಿಲ್ಲ.

ಹೊನ್‌ಮುರಾ ಅಂತ ಹಳೇ ಹಳ್ಳಿ ಇದೆ. ಅಲ್ಲಿ ಖಾಲಿ ಬಿದ್ದ ಮನೆಗಳನ್ನ ಒಂದೊಂದಾಗಿ ಕಲಾವಿದರ ಕೈಗೆ ಕೊಟ್ಟಿದ್ದಾರೆ. ಮೊದಲನೆಯದು ಕದೊಯಾ, 1998. ತತ್ಸುವೊ ಮಿಯಾಜಿಮಾ ಅವರ ಕೆಲಸ. ಹಳೇ ಮರದ ಮನೆ, ಒಳಗೆ ಕತ್ತಲು, ನೆಲದ ಜಾಗದಲ್ಲಿ ನೀರು, ನೀರಿನೊಳಗೆ 125 ಪುಟ್ಟ ಎಲ್‌ಇಡಿ ಅಂಕಿಗಳು ಎಣಿಸ್ತಾ ಇರುತ್ತವೆ. ಒಂದು ಬಿರುಸಾಗಿ, ಇನ್ನೊಂದು ತೂಕಡಿಸುವಷ್ಟು ನಿಧಾನ. ಯಾವ ಅಂಕಿ ಎಷ್ಟು ವೇಗ ಅಂತ ನಿಗದಿ ಮಾಡಿದ್ದು ಕಲಾವಿದ ಅಲ್ಲ, ದ್ವೀಪದ ಜನ. 5 ವರ್ಷದ ಮಗುವಿನಿಂದ 95 ವರ್ಷದವರವರೆಗೆ ಒಬ್ಬೊಬ್ಬರು ಒಂದೊಂದು ಅಂಕಿಗೆ ತಮ್ಮ ವೇಗ ಕೊಟ್ಟಿದ್ದಾರೆ. ಅವರಲ್ಲಿ ಕೆಲವರು ಈಗ ಇರಲಿಕ್ಕಿಲ್ಲ, ಅಂಕಿ ಇನ್ನೂ ಎಣಿಸ್ತಿದೆ. ನಾನು ಅಲ್ಲಿ ಕೂತಿದ್ದಾಗ ಯಾಕೋ ಗಂಟಲು ಕಟ್ಟಿತು.

ಅದೇ ಹಳ್ಳಿಯಲ್ಲಿ ಮಿನಾಮಿದೆರಾ. ಕಟ್ಟಡ ಆಂಡೊ ಅವರದು, ಒಳಗಿನ ಕೆಲಸ ಜೇಮ್ಸ್ ಟರೆಲ್ ಅವರದು. ಗವ್ವೆನ್ನೋ ಕತ್ತಲು, ಗೋಡೆ ಮುಟ್ಟಿಕೊಂಡು ಹೋಗಿ ಬೆಂಚಿನ ಮೇಲೆ ಕೂರಬೇಕು. ಮೊದಲು ನಿಮ್ಮ ಕೈ ನಿಮಗೇ ಕಾಣೋದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದುರಿಗೆ ಮಸುಕಾಗಿ ಒಂದು ಬೆಳಕು ಮೂಡುತ್ತದೆ. ಅದು ಮೊದಲಿನಿಂದಲೂ ಅಲ್ಲೇ ಇತ್ತು, ಕಣ್ಣು ಹೊಂದಿಕೊಳ್ಳೋಕೆ ಅಷ್ಟು ಹೊತ್ತು ಬೇಕಾಯ್ತು ಅಷ್ಟೇ. ಮಂಡಿ ನೋವಿದ್ದವರು ಇಲ್ಲಿ ಕೈ ಹಿಡಿದುಕೊಂಡು ಹೋಗಿ, ಅವಸರ ಬೇಡ. ಹಿರೋಶಿ ಸುಗಿಮೊಟೊ ಅವರ ಗೊವೊ ದೇಗುಲಕ್ಕೆ ಮಾತ್ರ ಗುಡ್ಡ ಹತ್ತಬೇಕು, ನೆಲದಡಿಯ ಕೋಣೆಗೆ ಹೋಗೋ ದಾರಿಯೂ ಕಿರಿದು. ಮೇಡಂಗೆ ಅದು ಕಷ್ಟ ಆಗಬಹುದು, ಬಿಟ್ಟರೆ ಪರವಾಗಿಲ್ಲ.

ಚಿಚು ಮ್ಯೂಸಿಯಂ 2004ರದ್ದು, ಪೂರ್ತಿ ನೆಲದೊಳಗೆ ಇದೆ. ಕ್ಲಾಡ್ ಮೊನೆ ಅವರ ನೈದಿಲೆ ಚಿತ್ರಗಳು 5 ಇವೆ. ಚಪ್ಪಲಿ ಬಿಟ್ಟು ಅವರು ಕೊಡೋ ಸ್ಲಿಪ್ಪರ್ ಹಾಕ್ಕೊಂಡು ಒಳಗೆ ಹೋಗಬೇಕು. ನೆಲದಲ್ಲಿ ಸಣ್ಣ ಸಣ್ಣ ಬಿಳಿ ಅಮೃತಶಿಲೆಯ ತುಂಡುಗಳು, ಮೂಲೆಗಳನ್ನ ದುಂಡಗೆ ಮಾಡಿದ್ದಾರೆ. ದೀಪ ಇಲ್ಲ, ಮೇಲಿನಿಂದ ಬರೋ ಹಗಲಿನ ಬೆಳಕೇ. ಮೋಡ ಬಂದರೆ ಚಿತ್ರದ ನೀಲಿ ಬದಲಾಗುತ್ತದೆ, ಮೋಡ ಸರಿದರೆ ನೇರಳೆ ಎದ್ದು ಬರುತ್ತದೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನೋಡೋಕೆ ಆದರೆ ನೋಡಿ, ಎರಡು ಟಿಕೆಟ್ ತಗೊಂಡರೂ ದುಡ್ಡು ದಂಡ ಅಲ್ಲ. ಬಣ್ಣ ಕಲಿಸಿದವರಿಗೆ ಇದು ಬಿಡಿಸಿ ಹೇಳೋದೇ ಬೇಡ. ಒಳಗೆ ಫೋಟೊ ತೆಗೆಯೋ ಹಾಗಿಲ್ಲ, ಅದೂ ಒಳ್ಳೇದೇ.

ಇನ್ನು ತೆಶಿಮಾ. ಇದಕ್ಕೆ ಒಂದು ಪೂರ್ತಿ ದಿನ ಇಡಿ ಅಂತ ಕೈಮುಗಿದು ಕೇಳ್ಕೋತೀನಿ. ತೆಶಿಮಾ ಆರ್ಟ್ ಮ್ಯೂಸಿಯಂ 2010ರಲ್ಲಿ ತೆರೆದದ್ದು. ವಾಸ್ತುಶಿಲ್ಪಿ ರ್ಯುಯೆ ನಿಶಿಜಾವಾ, ಕಲಾವಿದೆ ರೇಯಿ ನೈತೊ. ಭತ್ತದ ಗದ್ದೆಗಳ ಪಕ್ಕ ನೆಲಕ್ಕೆ ಅಂಟಿಕೊಂಡ ಬಿಳಿ ಕಾಂಕ್ರೀಟ್ ಚಿಪ್ಪು. ಉದ್ದ 60 ಮೀಟರ್, ಅಗಲ 40 ಮೀಟರ್ ಸುಮಾರು, ಎತ್ತರ ನಾಲ್ಕೂವರೆ ಮೀಟರ್, ಒಂದು ಕಂಬವೂ ಇಲ್ಲ. ಚಾವಣಿಯಲ್ಲಿ ಎರಡು ದೊಡ್ಡ ತೆರವುಗಳು, ಗಾಜಿಲ್ಲ. ಗಾಳಿ, ಮಳೆ, ಎಲೆ, ಹಕ್ಕಿಯ ಸದ್ದು ಎಲ್ಲಾ ಒಳಗೆ ಬರುತ್ತೆ. ಒಳಗೆ ಇರೋ ಕೃತಿ ಒಂದೇ: ನೆಲ ಮತ್ತು ನೀರು. ನೆಲದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಅಲ್ಲಿಂದ ಒಂದು ಹನಿ ಬರುತ್ತದೆ, ಸುಮ್ನೆ ನಿಲ್ಲುತ್ತದೆ, ಇನ್ನೊಂದು ಹನಿ ಬಂದು ಸೇರಿದ ಕೂಡಲೇ ಭಾರಕ್ಕೆ ಜಾರಿ ಓಡಿ ದೊಡ್ಡ ಮಡುವಿಗೆ ಸೇರುತ್ತದೆ. ನಾನು ನೆಲದ ಮೇಲೆ ಕೂತು ಒಂದೇ ಹನಿಯನ್ನ ಹಿಂಬಾಲಿಸ್ತಾ ಇದ್ದೆ, ಪಕ್ಕದಲ್ಲಿ ಒಬ್ಬ ಅಜ್ಜ ಮಲಗಿಕೊಂಡೇ ನೋಡ್ತಿದ್ದರು. ಮಾತಿಲ್ಲ. ಹೊರಗೆ ಬಂದ ಮೇಲೂ ಸ್ವಲ್ಪ ಹೊತ್ತು ಮಾತಾಡೋಕೆ ಮನಸ್ಸಾಗಲಿಲ್ಲ.

ಕೊನೆಯದಾಗಿ ನಮ್ಮವರ ಒಂದು ವಿಷಯ. 2025ರ ಮೇ ಕೊನೆಗೆ ನಾವೊಶಿಮಾ ನ್ಯೂ ಮ್ಯೂಸಿಯಂ ಆಫ್ ಆರ್ಟ್ ತೆರೆಯಿತು, ಇದೂ ಆಂಡೊ ಅವರದೇ. ಏಷ್ಯಾದ ಕಲಾವಿದರಿಗೆ ಒತ್ತು ಕೊಡೋ ಮ್ಯೂಸಿಯಂ. ಅದರ ಮೊದಲ ಪ್ರದರ್ಶನದಲ್ಲೇ ಮೈಸೂರಿನ ಎನ್.ಎಸ್. ಹರ್ಷ ಅವರ ಕೃತಿ ಇತ್ತು, ತಕಾಶಿ ಮುರಕಾಮಿ, ಕಾಯ್ ಗುವೊ ಚಿಯಾಂಗ್, ದೊ ಹೊ ಸು ಅಂಥವರ ಜೊತೆ. ನೀವು ಹೋಗೋ ಹೊತ್ತಿಗೆ ಏನು ಪ್ರದರ್ಶನ ಇದೆ ಅಂತ ಅವರ ಜಾಲತಾಣದಲ್ಲಿ ನೋಡಿಕೊಳ್ಳಿ.

ಇಂಗಳದಾಳು_ಹುಡುಗ

ಎಲ್ಲರೂ ಹೋಟೆಲ್, ಮ್ಯೂಸಿಯಂ ಹೇಳಿದ್ರಿ. ಆ ದ್ವೀಪಗಳಿಗೆ ಕಲೆ ಯಾಕೆ ಬಂತು ಅನ್ನೋದು ಗೊತ್ತಿದ್ದು ಹೋದರೆ ನೋಡೋ ಕಣ್ಣೇ ಬೇರೆ. ನನಗೆ ಇದರಲ್ಲಿ ಆಸಕ್ತಿ ಬಂದದ್ದಕ್ಕೆ ಕಾರಣ ತಾಮ್ರ. ಚಿತ್ರದುರ್ಗದ ಪಕ್ಕ ನಮ್ಮ ಇಂಗಳದಾಳಿನಲ್ಲಿ ತಾಮ್ರದ ಗಣಿ ಇತ್ತು, ಮುಚ್ಚಿತು. ಗಣಿ ಮುಚ್ಚಿದ ಮೇಲೆ ಊರು ಹೇಗಿರುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾವೊಶಿಮಾದ ಉತ್ತರ ತುದಿಯಲ್ಲಿ ಮಿತ್ಸುಬಿಷಿಯ ತಾಮ್ರ ಕರಗಿಸೋ ಕಾರ್ಖಾನೆ 1917ರಲ್ಲಿ ಬಂತು. ಜನಕ್ಕೆ ಕೆಲಸ ಸಿಕ್ಕಿತು, ಹೊಗೆಗೆ ಗುಡ್ಡದ ಮರಗಳು ಸತ್ತವು. ಕಾಲ ಕಳೆದ ಹಾಗೆ ಯುವಕರು ಊರು ಬಿಟ್ಟರು. 1985ರಲ್ಲಿ ಒಕಾಯಾಮಾದ ಪ್ರಕಾಶಕ ತೆತ್ಸುಹಿಕೊ ಫುಕುತಾಕೆ ಮತ್ತು ಅಂದಿನ ಮೇಯರ್ ಚಿಕಾತ್ಸುಗು ಮಿಯಾಕೆ ಕೂತು ಮಾತಾಡಿ, ದ್ವೀಪದ ದಕ್ಷಿಣ ಭಾಗದಲ್ಲಿ ಮಕ್ಕಳಿಗೆ ಶಿಬಿರದ ಜಾಗ ಮಾಡೋಣ ಅಂತ ಒಪ್ಪಿಕೊಂಡರು. ಮರುವರ್ಷವೇ ಫುಕುತಾಕೆ ತೀರಿಕೊಂಡರು. ಮಗ ಸೊಯಿಚಿರೊ ಕೈಬಿಡಲಿಲ್ಲ. 1989ರಲ್ಲಿ ಶಿಬಿರ ಶುರುವಾಯ್ತು, ಆಮೇಲೆ ಬೆನೆಸ್ಸೆ ಹೌಸ್, ಆಮೇಲೆ ಒಂದೊಂದೇ.

ತೆಶಿಮಾದ ಕಥೆ ಇನ್ನೂ ಕಹಿ. 1970ರ ದಶಕದಿಂದ 1990ರವರೆಗೆ ಒಂದು ಕಂಪನಿ ಅಲ್ಲಿ ಕಾರ್ಖಾನೆ ತ್ಯಾಜ್ಯವನ್ನ ಅಕ್ರಮವಾಗಿ ತಂದು ಸುರಿಯಿತು. ದ್ವೀಪದ ಜನ, ಅದರಲ್ಲೂ ವಯಸ್ಸಾದವರು, ವರ್ಷಗಟ್ಟಲೆ ಹೋರಾಡಿದರು. 2000ದಲ್ಲಿ ರಾಜಿಯಾಯ್ತು, ಕಗಾವಾ ಪ್ರಾಂತ್ಯದ ಗವರ್ನರ್ ಜನರ ಮುಂದೆ ಕ್ಷಮೆ ಕೇಳಿದರು. ಸುಮಾರು 9 ಲಕ್ಷ ಟನ್ ತ್ಯಾಜ್ಯ ಮತ್ತು ಕೆಟ್ಟ ಮಣ್ಣನ್ನ ಹಡಗಿನಲ್ಲಿ ನಾವೊಶಿಮಾಗೆ ಸಾಗಿಸಿ ಸಂಸ್ಕರಿಸಿದರು. ಸಾಗಣೆ ಮುಗಿದದ್ದು 2017ರಲ್ಲಿ. ಅಂದ್ರೆ ಬಣ್ಣದಬಟ್ಟಲು ಮೇಡಂ ಹೇಳಿದ ಆ ನೀರಿನ ಹನಿಯ ಮ್ಯೂಸಿಯಂ ತೆರೆದಾಗ ಅದೇ ದ್ವೀಪದ ಇನ್ನೊಂದು ಬದಿಯಿಂದ ವಿಷದ ಮಣ್ಣು ಇನ್ನೂ ಹೊರಗೆ ಹೋಗ್ತಾ ಇತ್ತು. ಇದನ್ನ ತಿಳಿದು ಆ ಹನಿ ನೋಡಿ.

ಹಾಗಾಗಿ ನನ್ನ ಸಲಹೆ, ಇನುಜಿಮಾಕ್ಕೂ ಹೋಗಿ. ತೀರಾ ಚಿಕ್ಕ ದ್ವೀಪ, ಮನೆಗಳೂ ಬೆರಳೆಣಿಕೆ. 1909ರಲ್ಲಿ ಅಲ್ಲಿ ತಾಮ್ರ ಶುದ್ಧ ಮಾಡೋ ಕಾರ್ಖಾನೆ ಕಟ್ಟಿದರು. ತಾಮ್ರದ ಬೆಲೆ ಬಿದ್ದು ಹತ್ತೇ ವರ್ಷದಲ್ಲಿ ನಿಂತುಹೋಯ್ತು. ಚಿಮಣಿಗಳು, ಕಿಟ್ಟದಿಂದ ಮಾಡಿದ ಕಪ್ಪು ಇಟ್ಟಿಗೆಯ ಗೋಡೆಗಳು ಹಾಗೇ ನಿಂತಿದ್ದವು. 2008ರಲ್ಲಿ ವಾಸ್ತುಶಿಲ್ಪಿ ಹಿರೋಶಿ ಸಾಂಬುಯಿಚಿ ಅದನ್ನ ಕೆಡವದೆ ಅದರೊಳಗೇ ಸೈರೆನ್ಶೊ ಮ್ಯೂಸಿಯಂ ಮಾಡಿದರು. ಒಳಗಿನ ಕೃತಿಗಳು ಯುಕಿನೊರಿ ಯಾನಾಗಿ ಅವರವು. ಎಸಿ ಇಲ್ಲ. ಬೇಸಿಗೆಯಲ್ಲಿ ಗಾಳಿ ನೆಲದಡಿಯಲ್ಲಿ ಹಾದು ತಂಪಾಗುತ್ತದೆ, ಚಳಿಗಾಲದಲ್ಲಿ ಬಿಸಿಲಿಗೆ ಬೆಚ್ಚಗಾಗುತ್ತದೆ, ಹಳೇ ಚಿಮಣಿಯೇ ಅದನ್ನ ಎಳೆದುಕೊಳ್ಳುತ್ತದೆ. ಆ ಕಪ್ಪು ಇಟ್ಟಿಗೆ ಮೇಲೆ ಕೈ ಇಟ್ಟಾಗ ನನಗೆ ನಮ್ಮೂರಿನ ಗುಡ್ಡವೇ ನೆನಪಾಯ್ತು. ನಮ್ಮಲ್ಲೂ ಯಾರಾದರೂ ಹೀಗೆ ಒಂದು ಪಾಳುಬಿದ್ದ ಜಾಗವನ್ನ ಪ್ರೀತಿಯಿಂದ ಉಳಿಸಿಕೊಳ್ಳಬೇಕು ಅನ್ನೋ ಆಸೆ ನನಗಿದೆ.

ಹಳೇಪೇಟೆ_ಅಕ್ಕ

ಊಟದ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಜಪಾನಿನಲ್ಲಿ ತರಕಾರಿ ಅಂತ ಕೊಟ್ಟದ್ದರಲ್ಲೂ ದಾಶಿ ಇರುತ್ತೆ, ಅಂದ್ರೆ ಒಣಮೀನಿನ ಸಾರು. ಆ ಕಡೆ ಉದೊನ್ ಅನ್ನೋ ದಪ್ಪ ನೂಡಲ್ಸ್ ತುಂಬಾ ಪ್ರಸಿದ್ಧ, ಕಗಾವಾ ಅಂದ್ರೇನೇ ಉದೊನ್. ಆದರೆ ಅದರ ಸಾರೂ ಒಣಮೀನಿನದೇ. ಸುಮ್ನೆ ವೆಜ್ ಅಂದ್ರೆ ಸಾಲದು. ಮಾಂಸ, ಮೀನು, ಮೊಟ್ಟೆ, ಮೀನಿನ ಸಾರು ಯಾವುದೂ ಬೇಡ ಅಂತ ಜಪಾನಿ ಭಾಷೆಯಲ್ಲಿ ಬರೆದ ಚೀಟಿ ಇಟ್ಟುಕೊಳ್ಳಿ. ಹೋಟೆಲಿಗೆ ಕೋಣೆ ಬುಕ್ ಮಾಡುವಾಗಲೇ ಇಮೇಲ್ ಹಾಕಿ, ಬೌದ್ಧ ಮಠಗಳ ಶೋಜಿನ್ ಅಡುಗೆ ಗೊತ್ತಾ ಅಂತ ಕೇಳಿ, ಅದು ನಮ್ಮ ಊಟಕ್ಕೆ ಹತ್ತಿರ. ಅಲ್ಲಿ ಹೋದ ಮೇಲೆ ಹೇಳಿದರೆ ಅವರಿಗೂ ಕಷ್ಟ, ನಿಮಗೂ ಕಷ್ಟ.

ನಾನು ಅವಲಕ್ಕಿ, ಶೇಂಗಾ ಚಟ್ನಿಪುಡಿ, ರೊಟ್ಟಿ ಒಯ್ದಿದ್ದೆ. ಖಡಕ್ ರೊಟ್ಟಿ ಬಹಳ ದಿನ ತಾಳುತ್ತೆ. ಹಸಿ ತರಕಾರಿ, ಹಣ್ಣು, ಕರಿಬೇವು ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ತೆಗೆದಿಡ್ತಾರೆ. ಮಿಯಾನೌರಾದಲ್ಲಿ ಒಂದು ಸೆವೆನ್ ಇಲೆವೆನ್ ಅಂಗಡಿ ಇದೆ, ಹಾಲು, ಹಣ್ಣು, ಬಾಳೆಹಣ್ಣು ಸಿಗುತ್ತೆ. ದ್ವೀಪದ ಸಣ್ಣ ಹೋಟೆಲುಗಳು ಸಂಜೆ ಬೇಗ ಮುಚ್ಚುತ್ತವೆ. ಹಸಿವಾದಾಗ ಹುಡುಕೋದು ಬೇಡ, ಚೀಲದಲ್ಲಿ ಏನಾದರೂ ಇರಲಿ.

ವಿದ್ಯಾನಗರ_ದಾವಣಗೆರೆ

ಎಲ್ಲರಿಗೂ ತುಂಬಾ ಧನ್ಯವಾದ. ಇದೆಲ್ಲಾ ಮನೆಯವರಿಗೆ ಓದಿ ಹೇಳಿದೆ. ಕದೊಯಾ ಮನೆಯ ಅಂಕಿಗಳ ವಿಷಯ ಬಂದಾಗ ಮತ್ತೊಮ್ಮೆ ಓದಿ ಅಂದರು. ಏಜೆಂಟರ ಪಟ್ಟಿ ಬಿಟ್ಟೆವು. ಟೋಕಿಯೊ, ದ್ವೀಪಗಳು, ಕ್ಯೋಟೊ ಅಷ್ಟೇ.

ಇನ್ನು ಮೂರು ಪ್ರಶ್ನೆ. ಸೆಟೊ ಸಮುದ್ರದಲ್ಲೇ ತೇಲೋ ಐಷಾರಾಮಿ ಹೋಟೆಲ್ ಹಡಗು ಒಂದು ಇದೆಯಂತೆ, ಅದು ಹೇಗೆ? ಮೂರು ವರ್ಷಕ್ಕೊಮ್ಮೆ ನಡೆಯೋ ಕಲಾ ಉತ್ಸವಕ್ಕೆ ಕಾಯಬೇಕಾ? ದೊಡ್ಡ ಸೂಟ್‌ಕೇಸ್ ಹೊತ್ತುಕೊಂಡು ಫೆರ್ರಿ ಹತ್ತೋದು ಹೇಗೆ?

ಜೋಗಿಮಟ್ಟಿ_ಗಾಳಿ

ಹಡಗಿನ ಹೆಸರು ಗಂಟ್ಸೂ, 2017ರಿಂದ ಓಡ್ತಿದೆ, ಒನೊಮಿಚಿ ಹತ್ತಿರದ ಮರೀನಾದಿಂದ ಹೊರಡುತ್ತೆ. ಇಪ್ಪತ್ತಕ್ಕಿಂತ ಕಡಿಮೆ ಕೋಣೆ, ಮರದ ಒಳಾಂಗಣ, ಬಾಲ್ಕನಿಯಲ್ಲಿ ಕೂತು ದ್ವೀಪಗಳು ಹಾದುಹೋಗೋದನ್ನ ನೋಡಬಹುದು. ತುಂಬಾ ದುಬಾರಿ. ನಿಮಗೆ ಬೇಕಿರೋದು ಕಲೆ, ಅದು ನೆಲದ ಮೇಲಿದೆ. ಅದೇ ದುಡ್ಡಿನಲ್ಲಿ ಬೆನೆಸ್ಸೆ ಹೌಸಿನಲ್ಲಿ ಇನ್ನೂ ಒಂದೆರಡು ರಾತ್ರಿ ಇರಿ. ತೆಶಿಮಾಕ್ಕೆ ಹೋಗೋ ಸಣ್ಣ ದೋಣಿಗಳು ದಿನಕ್ಕೆ ಕೆಲವೇ, ಸೀಟೂ ಕಡಿಮೆ. ಹೋಟೆಲಿನವರಿಗೆ ಹೇಳಿ ಖಾಸಗಿ ದೋಣಿ ಗೊತ್ತುಮಾಡಿಕೊಂಡರೆ ಮೇಡಂ ನಿಂತು ಕಾಯೋದು ತಪ್ಪುತ್ತೆ. ಐಷಾರಾಮ ಅಂತ ಖರ್ಚು ಮಾಡೋದಾದರೆ ಇದಕ್ಕೆ ಮಾಡಿ.

ಉತ್ಸವಕ್ಕೆ ಕಾಯಬೇಡಿ. ಸೆಟೌಚಿ ತ್ರೈವಾರ್ಷಿಕ 2010ರಲ್ಲಿ ಶುರುವಾದದ್ದು, ಕಳೆದದ್ದು 2025ರಲ್ಲಿ ಆಯ್ತು. ಆಗ ಹತ್ತಾರು ದ್ವೀಪಗಳಲ್ಲಿ ಹೊಸ ಕೃತಿಗಳಿರುತ್ತವೆ ನಿಜ, ಆದರೆ ಜನವೋ ಜನ, ಕೋಣೆ ಸಿಗೋದಿಲ್ಲ. ಮುಖ್ಯವಾದವೆಲ್ಲಾ ಕಾಯಂ ಇರುವಂಥವೇ. ನವೆಂಬರ್ ಒಳ್ಳೆಯದು, ಇಲ್ಲವೇ ಏಪ್ರಿಲ್ ಮಧ್ಯ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರ ಅವರಿಗೆ ಸಾಲು ರಜೆ, ಆಗ ಬೇಡ. ಜೂನ್ ಮಳೆ. ಆಗಸ್ಟ್, ಸೆಪ್ಟೆಂಬರ್ ಚಂಡಮಾರುತದ ಕಾಲ, ಗಾಳಿ ಎದ್ದರೆ ದೋಣಿ ನಿಲ್ಲಿಸ್ತಾರೆ.

ಹಳೇಪೇಟೆ_ಅಕ್ಕ

ಸೂಟ್‌ಕೇಸ್ ಚಿಂತೆ ಬಿಡಿ. ಜಪಾನಿನಲ್ಲಿ ತಕ್ಯೂಬಿನ್ ಅಂತ ಲಗೇಜ್ ಕಳಿಸೋ ವ್ಯವಸ್ಥೆ ಇದೆ. ಟೋಕಿಯೊ ಹೋಟೆಲಿನ ಕೌಂಟರಿನಲ್ಲಿ ಕೊಟ್ಟು, ಕ್ಯೋಟೊ ಹೋಟೆಲಿನ ವಿಳಾಸ, ನೀವು ಅಲ್ಲಿಗೆ ಹೋಗೋ ತಾರೀಖು ಎರಡನ್ನೂ ಬರೆಸಿ. ನೀವು ಹೋಗೋ ಹೊತ್ತಿಗೆ ಅದು ಅಲ್ಲಿರುತ್ತೆ. ದ್ವೀಪಕ್ಕೆ ಒಂದೊಂದು ಕೈಚೀಲ ಸಾಕು: ಬಟ್ಟೆ, ಔಷಧಿ, ಮಂಡಿಗೆ ಕಟ್ಟೋ ಪಟ್ಟಿ. ಚಟ್ನಿಪುಡಿ ಮಾತ್ರ ಮರೆತು ಸೂಟ್‌ಕೇಸಿನಲ್ಲಿ ಹಾಕಿ ಕಳಿಸಬೇಡಿ, ಅದು ಕೈಚೀಲದಲ್ಲೇ ಇರಲಿ.